ಮಾಳಿಂಗಪ್ಪನ ಬಲಗಾಲು

ಎಂಎಲ್‌ಎ ಮಾಳಿಂಗಪ್ಪನಿಗೆ ಜನ ಓಟು ಹಾಕಿದ್ದು ಮುಖ ನೋಡಿಯಲ್ಲ, ಮಾತು ಕೇಳಿಯಂತೂ ಅಲ್ಲವೇ ಅಲ್ಲ. ಓಟು ಬಿದ್ದದ್ದು ಅವನ ಬಲಗಾಲಿಗೆ. ಹೂವಿನ ಹಿಪ್ಪರಗಿಯ ಹತ್ತಿರದ ಹಳ್ಳಿಯೊಂದರ ಕುರುಬರ ಓಣಿಯವನು. ಮೀಸೆ ಮೂಡುವ ಮುಂಚೆ ಮುಂಬೈಗೆ ಓಡಿಹೋಗಿ ಬಟ್ಟೆ ಗಿರಣಿಯೊಂದರ ಫುಟ್‌ಬಾಲ್ ತಂಡ ಸೇರಿಕೊಂಡಿದ್ದ. ಹೆಸರಿಗೆ ಗಿರಣಿಯ ಕೆಲಸಗಾರ, ಆದರೆ ಒಂದು ದಿನವೂ ಮಗ್ಗ ಮುಟ್ಟಿದವನಲ್ಲ. ಪಗಾರ ಬರುತ್ತಿದ್ದದ್ದು ಚೆಂಡಾಟಕ್ಕೆ. ತನ್ನ ಕಡೆಯ ಗೋಲಿನ ಮುಂದೆ ನಿಂತು, ನುಗ್ಗಿ ಬರುವವರನ್ನು ತಡೆಯುವುದು ಅವನ ಕೆಲಸ. ಹೇಗೆ ತಡೆದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಹೇಗೆ ಎಂಬುದನ್ನು ಅವನ ಹೆಂಡತಿ ರೇವವ್ವ ಒಮ್ಮೆ ಕಣ್ಣಾರೆ ನೋಡಿದ್ದಳು. ಮದುವೆಯಾದ ಹೊಸದರಲ್ಲಿ ಅವಳನ್ನು ಮುಂಬೈಗೆ ಕರೆದೊಯ್ದು ಮೈದಾನದ ಬೇಲಿಯ ಪಕ್ಕ ಕೂರಿಸಿದ್ದ. ಎದುರು ತಂಡದ ತೆಳ್ಳನೆಯ ಹುಡುಗನೊಬ್ಬ ಎಲ್ಲರನ್ನೂ ದಾಟಿಕೊಂಡು ಚೆಂಡು ತಂದ. ಮಾಳಿಂಗಪ್ಪ ಚೆಂಡಿನ ಕಡೆ ನೋಡಲೇ ಇಲ್ಲ. ಒಣಗಿದ ತೊಗರಿ ಕಟ್ಟಿಗೆ ಮುರಿದಂಥ ಸದ್ದು ಬೇಲಿಯವರೆಗೂ ಕೇಳಿಸಿತು. ಹುಡುಗ ನೆಲಕ್ಕೆ ಬಿದ್ದು, ಸೊಟ್ಟಗಾದ ತನ್ನ ಕಾಲನ್ನು ತಾನೇ ನೋಡಿ ಕಿರುಚುತ್ತಿದ್ದರೆ, ಈ ಕಡೆಯ ಮಂದಿ ಸಿಳ್ಳೆ ಹೊಡೆಯುತ್ತಿದ್ದರು. ಅಂದು ರಾತ್ರಿ ಮಾಳಿಂಗಪ್ಪ ಎರಡು ರೊಟ್ಟಿ ಹೆಚ್ಚೇ ಉಂಡ.

“ಆ ಹುಡುಗ ಇನ್ನ ನಡೀತಾನೇನ್ರಿ?” ಎಂದು ರೇವವ್ವ ಕೇಳಿದಳು.

“ನಡೀತಾನ ಬಿಡು. ಮುರಿದ ಎಲುಬು ಕೂಡ್ತೈತಿ,” ಎಂದು ಅವನು ಕೈ ತೊಳೆದ.

ಎಪ್ಪತ್ತೆರಡರ ಚುನಾವಣೆಗೆ ಅವನನ್ನು ಮುಂಬೈಯಿಂದ ಕರೆಸಿ ನಿಲ್ಲಿಸಿದವನು ಊರಿನ ದೊಡ್ಡ ಜಮೀನುದಾರ ಪರಪ್ಪ. ಕುರುಬರ ಓಟು ಇಡಿಯಾಗಿ ಬೇಕು, ಗೆದ್ದವನು ತನ್ನ ಅಂಗಳದಲ್ಲಿ ಕೈಕಟ್ಟಿ ನಿಲ್ಲಬೇಕು, ಇದು ಪರಪ್ಪನ ಲೆಕ್ಕಾಚಾರ. ಸಭೆಗಳಲ್ಲಿ ಮಾಳಿಂಗಪ್ಪ ಭಾಷಣ ಮಾಡುತ್ತಿರಲಿಲ್ಲ. ಜೀಪಿನಿಂದ ಇಳಿದು, ಧೋತರ ಮೇಲಕ್ಕೆ ಕಟ್ಟಿ, ಚೆಂಡನ್ನು ಬೇವಿನ ಮರದ ಮೇಲಿಂದ ಹಾರಿಸುತ್ತಿದ್ದ. ಬಸವನ ಬಾಗೇವಾಡಿಯಿಂದ ಸಿಂದಗಿಯವರೆಗೆ ಜನ ಆ ಕಾಲು ನೋಡಲು ಬಂಡಿ ಕಟ್ಟಿಕೊಂಡು ಬಂದರು. ಅವನು ಗೆದ್ದ.

ಗೆದ್ದ ಮೇಲೆ ಒದೆಯಲು ಚೆಂಡೇ ಬೇಕೆಂದೇನೂ ಇರಲಿಲ್ಲ. ಸಿಂದಗಿಯ ಪೇಟೆಯಲ್ಲಿ ವ್ಯಾಪಾರಿಯೊಬ್ಬ ಜೋಳ ಬಚ್ಚಿಟ್ಟನೆಂದು ಗೋದಾಮಿನ ಬಾಗಿಲು ಒದ್ದು ಕೆಡವಿದ. ಜನ ಹೆಗಲ ಮೇಲೆ ಹೊತ್ತು ಕುಣಿದರು. ಮುದ್ದೇಬಿಹಾಳದ ರಸ್ತೆಯಲ್ಲಿ ಗುತ್ತಿಗೆದಾರನೊಬ್ಬನ ಹೊಟ್ಟೆಗೆ ಒದ್ದ. ಆತ ಅಲ್ಲೇ ಜಲ್ಲಿಯ ಮೇಲೆ ರಕ್ತ ಕಾರಿಕೊಂಡ. ಇಂಡಿ ಪಟ್ಟಣದ ಕಚೇರಿಯಲ್ಲಿ ಒಬ್ಬ ಬಡ ಗುಮಾಸ್ತ, “ಸ್ವಲ್ಪ ಕೂಡ್ರಿ ಸಾಹೇಬ್ರ,” ಎಂದದ್ದಕ್ಕೆ ಕುರ್ಚಿಸಮೇತ ಒದ್ದು ಉರುಳಿಸಿದ. ಗುಮಾಸ್ತನ ಭುಜದ ಎಲುಬು ಹೋಯಿತು. ಆಗಲೂ ಮಂದಿ ನಕ್ಕರು ನೋಡಿ! ಒದೆ ಬೀಳುತ್ತಿರುವುದು ಪಕ್ಕದವನಿಗೆ ಎಂಬುದಷ್ಟೇ ಅವರಿಗೆ ಕಾಣುತ್ತಿತ್ತು. ಮನೆಯಲ್ಲಿ ಮಾತ್ರ ಅವನು ರೇವವ್ವನ ಮೇಲೆ ಕಾಲು ಎತ್ತಿದವನಲ್ಲ. ದಿನಾ ಮಧ್ಯಾಹ್ನ ಅವಳೆದುರು ಆ ಕಾಲು ಚಾಚುತ್ತಿದ್ದ, ಅವಳು ಔಡಲೆಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಅದರ ಒಂದೊಂದು ನರವೂ ಅವಳಿಗೆ ಗೊತ್ತಿತ್ತು.

ಪರಪ್ಪನ ಅಂಗಳಕ್ಕೆ ಮಾತ್ರ ಮಾಳಿಂಗಪ್ಪ ಬರುವುದನ್ನು ಬಿಟ್ಟ. ಎಪ್ಪತ್ತೆಂಟರ ಚುನಾವಣೆಗೆ ಪರಪ್ಪ ತನ್ನ ಮಗ ಬಸಂತರಾಯನನ್ನೇ ಅವನೆದುರು ನಿಲ್ಲಿಸಿದ. ಫೆಬ್ರುವರಿ ತಿಂಗಳು, ಹಿಂಗಾರಿ ಜೋಳ ತೆನೆ ಹೊತ್ತು ನಿಂತಿತ್ತು. ರೇವವ್ವನ ತಂದೆ ಚಂದಪ್ಪನ ಕುರಿಗಳು ತನ್ನ ಜೋಳಕ್ಕೆ ಬಾಯಿ ಹಾಕಿದವೆಂದು ಪರಪ್ಪ ಇಡೀ ಹಿಂಡನ್ನು ಹಿಡಿಸಿ ಕೊಂಡವಾಡಕ್ಕೆ ದೂಡಿಸಿದ. ತುಡುಗು ದನ ಕೂಡಿಹಾಕುವ ಸಣ್ಣ ದೊಡ್ಡಿ ಅದು. ಅದರೊಳಗೆ ಕುರಿಗಳು ಒಂದರ ಮೇಲೊಂದು ಬಿದ್ದು, ಮರಿಗಳು ಕಾಲಡಿ ಸಿಕ್ಕು ಸಾಯತೊಡಗಿದವು. ಬಾಗಿಲಲ್ಲಿ ಪರಪ್ಪನ ಆಳು ಮಡಿವಾಳಪ್ಪ ಬಡಿಗೆ ಹಿಡಿದು ನಿಂತಿದ್ದ. ನೀರಾದರೂ ಕುಡಿಸುತ್ತೇನೆ ಎಂದು ಚಂದಪ್ಪ ಎಷ್ಟು ಬೇಡಿಕೊಂಡರೂ ಅವನು ಜಗ್ಗಲಿಲ್ಲ. ಒಡೆಯನ ಅಪ್ಪಣೆ, ಪಾಪ, ಅವನಾದರೂ ಏನು ಮಾಡಿಯಾನು.

ಸುದ್ದಿ ಮುಟ್ಟಿದ್ದೇ ಮಾಳಿಂಗಪ್ಪ ಜೀಪಿನಲ್ಲಿ ಆಳುಗಳನ್ನು ತುಂಬಿಕೊಂಡು ಬಂದ. ರೇವವ್ವ ಹಿಂದೆಯೇ ಓಡಿ ಬಂದಳು. ಒಂದೇ ಒದೆತಕ್ಕೆ ಬಾಗಿಲು ಚೌಕಟ್ಟುಸಹಿತ ಕಿತ್ತು ಬಿತ್ತು. ಕುರಿಗಳು ನುಗ್ಗಿ ಹೊರಬಂದವು, ಅವುಗಳ ನಡುವೆಯೇ ಮನುಷ್ಯರು ಬಡಿದಾಡಿದರು. ಒಬ್ಬನ ಹಲ್ಲು ಉದುರಿದವು, ಇನ್ನೊಬ್ಬನ ಕಿವಿ ಹರಿದು ಜೋತುಬಿತ್ತು. ಮಡಿವಾಳಪ್ಪ ಪೆಟ್ಟು ತಿಂದು ಹಿಕ್ಕೆಯ ಮೇಲೆ ಅಂಗಾತ ಬಿದ್ದ. ಅಷ್ಟರಲ್ಲಿ ಚಂದಪ್ಪ ದೊಡ್ಡಿಯೊಳಗೆ ಕಣ್ಣು ಹಾಯಿಸಿದ. ಮಗನಂತೆ ಸಾಕಿದ ಟಗರು ಕತ್ತು ಮುರಿದುಕೊಂಡು ಬಿದ್ದಿತ್ತು. ಮುದುಕ ಯಾರದೋ ಕೈಯಿಂದ ಕೊಡಲಿ ಕಸಿದು, ಬಿದ್ದವನ ಮೇಲೆ ಎರಡೂ ಕೈಯಿಂದ ಎತ್ತಿದ. ಮಡಿವಾಳಪ್ಪ ಕಣ್ಣು ಮುಚ್ಚಿಕೊಂಡ.

ಕೈಯಿಂದ ತಡೆಯುವಷ್ಟು ಹೊತ್ತು ಇರಲಿಲ್ಲ. ಮುಂಬೈಯಲ್ಲಿ ಪಳಗಿದ ಕಾಲು ತಾನಾಗಿ ಎದ್ದಿತು. ಕೊಡಲಿಯ ಕಾವಿಗೆ ಸರಿಯಾಗಿ ಬಿದ್ದ ಒದೆತಕ್ಕೆ ಕೊಡಲಿ ಹಾರಿ ತಿಪ್ಪೆಗೆ ಬಿತ್ತು. ಆದರೆ ಎದ್ದ ಕಾಲು ಅಲ್ಲಿಗೇ ನಿಲ್ಲಲಿಲ್ಲ. ಅದೇ ರಭಸದಲ್ಲಿ ಅಂಗಾಲು ಮುದುಕನ ತಲೆಗೆ ತಾಗಿ ರುಮಾಲು ಹಾರಿತು, ಬಿಚ್ಚಿಕೊಳ್ಳುತ್ತ ಧೂಳಿನಲ್ಲಿ ಉರುಳಿಕೊಂಡು ಹೋಯಿತು.

ಬಡಿದಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ದೂರದ ಕಟ್ಟೆಯ ಮೇಲೆ ಕುಳಿತಿದ್ದ ಪರಪ್ಪ ತೊಡೆ ತಟ್ಟಿ ನಕ್ಕ. “ಭಲೆ ಎಮ್ಮೆಲ್ಲೆ! ಮಾವನ ತಲಿಗೇ ಗೋಲ್ ಹೊಡದಿ ನೋಡು!”

ಚಂದಪ್ಪ ರುಮಾಲು ಎತ್ತಿಕೊಳ್ಳಲಿಲ್ಲ. ಅಳಿಯನ ಕಡೆ ನೋಡಲಿಲ್ಲ. ಊರಿನ ನಡುಬೀದಿಯಲ್ಲಿ, ಜೀವಮಾನದಲ್ಲಿ ಮೊದಲ ಬಾರಿಗೆ, ಬರಿತಲೆಯಲ್ಲಿ ಮನೆಗೆ ನಡೆದುಹೋದ.

ಈ ಸೀಮೆಯಲ್ಲಿ ಬಡಿಗೆಯ ಪೆಟ್ಟಿಗೆ ರಾಜಿ ಉಂಟು. ಕೊಡಲಿ ಪೆಟ್ಟಿಗೂ ಉಂಟು. ಹಿರಿಯರು ಕುಳಿತು ದಂಡ ಹಾಕಿ ಮುಗಿಸುತ್ತಾರೆ. ಕಾಲಿನ ಪೆಟ್ಟು ಹಾಗಲ್ಲ. ಅದೂ ಹಿರಿಯನಿಗೆ, ಅದೂ ತಲೆಗೆ, ಅದೂ ಮಗಳನ್ನು ಕೊಟ್ಟ ಅಳಿಯನಿಂದ. ಅಂದು ಸಂಜೆ ರೇವವ್ವ ತವರುಮನೆಗೆ ಹೋದಾಗ ತಮ್ಮ ಬೀರಣ್ಣ ಬೀರದೇವರ ಗುಡಿಯಿಂದ ಭಂಡಾರ ತಂದಿದ್ದ. ದೇವರ ಆ ಅರಿಶಿನವನ್ನು ಮನೆಯಲ್ಲಿ ಹುಟ್ಟಿದವರೆಲ್ಲರ ಹಣೆಗೂ ಹಚ್ಚಿದ, ಅಕ್ಕನ ಹಣೆಗೂ ಹಚ್ಚಿದ.

“ಅಪ್ಪನ ತಲಿ ಮುಟ್ಟಿದ ಕಾಲು ಮುರಿಯೂ ತನಕ ಈ ಮನಿಯಾಗ ಯಾರೂ ರುಮಾಲ ಸುತ್ತೂದಿಲ್ಲ,” ಎಂದ. ಭಂಡಾರ ಹಚ್ಚಿಕೊಂಡು ಆಡಿದ ಮಾತನ್ನು ತಿನ್ನುವ ಧೈರ್ಯ ಆ ಕುಲದಲ್ಲಿ ಯಾರಿಗೂ ಇಲ್ಲ.

ಆದರೂ ಹಿರಿಯರು ಒಂದು ದಾರಿ ಹುಡುಕಿದರು. ಗುಡಿಯ ಮುಂದೆ ಕಂಬಳಿ ಹಾಸುವುದು. ಮಾಳಿಂಗಪ್ಪ ಅದರ ಮೇಲೆ ತಲೆ ಇಟ್ಟು ಮಲಗುವುದು. ಮಾವ ಅವನ ತಲೆಗೆ ಪಾದ ಸೋಕಿಸಿದರೆ, ಅಳಿಯ ಎದ್ದು ತನ್ನ ಕೈಯಾರೆ ಮಾವನಿಗೆ ಹೊಸ ರುಮಾಲು ಸುತ್ತುವುದು. ದೇವರು ಒಪ್ಪುತ್ತಾನೆ, ಮಾತು ಅಲ್ಲಿಗೆ ಮುಗಿಯುತ್ತದೆ. ರೇವವ್ವ ಇದನ್ನು ಎದೆಯಲ್ಲಿಟ್ಟುಕೊಂಡು ಗಂಡನ ಹತ್ತಿರ ಬಂದಳು.

“ನಾ ಕಾಲ ಎತ್ತದಿದ್ರ ನಿಮ್ಮಪ್ಪ ಇವತ್ತ ಜೇಲಿನಾಗ ಇರ್ತಿದ್ದ,” ಎಂದ ಮಾಳಿಂಗಪ್ಪ. “ಜೀವ ಉಳಿಸಿದಾವನಽ ತಪ್ಪ ಒಪ್ಪಿಕೊಬೇಕೇನು?”

“ಉಳಿಸಿದ್ದು ಖರೆ ಐತ್ರಿ. ಕಾಲು ತಲಿಗೆ ತಾಗಿದ್ದೂ ಖರೆ ಅಲ್ರಿ? ಬ್ಯಾರೆ ಯಾರ ಮುಂದೂ ಬ್ಯಾಡ, ನಮ್ಮಪ್ಪನ ಮುಂದ ಒಂದ ಗಳಿಗಿ ತಲಿ ಬಗ್ಗಸ್ರಿ.”

“ಓಟಿನ ಹೊತ್ತಿನಾಗ ಎಮ್ಮೆಲ್ಲೆ ಕುರುಬರ ಮುದುಕನ ಕಾಲಾಗ ಬಿದ್ದ ಅಂದ್ರ ಮುಗೀತು. ಪರಪ್ಪ ಗ್ವಾಡಿ ಗ್ವಾಡಿಗೆ ಬರಸ್ತಾನ.”

“ನೀವೂ ಕುರುಬರಽ ಅಲ್ರಿ?”

ಅವನು ಸಿಟ್ಟಿನಿಂದ ಎದ್ದು ಚಪ್ಪಲಿ ಮೆಟ್ಟಿದ.

“ನನ್ನ ತಮ್ಮ ಕೊಡಲಿ ತಗೊಂಡು ಬರ್ತಾನ್ರಿ,” ಎಂದಳು ರೇವವ್ವ.

“ಬರಲಿ. ಹೆಣಾ ಮಾಡಿ ಕಳಸ್ತೇನಿ.” ಅದು ಬಾಯಿಮಾತಾಗಿರಲಿಲ್ಲ. ಮರುದಿನದಿಂದ ಅವನ ಜೀಪಿನಲ್ಲಿ ಕಬ್ಬಿಣದ ಸಲಾಕೆ ಹಿಡಿದ ಆರೇಳು ಮಂದಿ ಕೂರತೊಡಗಿದರು.

ಬೀರಣ್ಣ ಬಾವಿಯ ಹತ್ತಿರ ಬಂದು ಅಕ್ಕನಿಗೆ ನೇರವಾಗಿಯೇ ಹೇಳಿದ. ಕದ್ದುಮುಚ್ಚಿ ಮಾಡುವುದು ಅವನಿಗೆ ಬರುತ್ತಿರಲಿಲ್ಲ.

“ಅಕ್ಕ, ಸೋಮವಾರ ಹಿಪ್ಪರಗಿ ಸಂತ್ಯಾಗ ಮಾವ ಜೀಪಿನಿಂದ ಇಳೀತಾನಲ್ಲ, ಅಲ್ಲೇ ಕಡೀತೇನಿ. ನಿನಗ ಹೇಳದ ಮಾಡಿದ್ರ ತಪ್ಪಾಗ್ತೈತಿ ಅಂತ ಬಂದೆ.”

“ಅವರ ಸುತ್ತ ಮಂದಿ ಇರ್ತಾರೋ. ನಿನ್ನ ಬಿಡ್ತಾರೇನು?”

“ಬಿಡೂದಿಲ್ಲ. ಗೊತ್ತೈತಿ.”

ರೇವವ್ವ ಕೊಡ ಕೆಳಗಿಟ್ಟಳು. ಕಡಿದರೆ ಮಾಳಿಂಗಪ್ಪ ರಕ್ತ ಹರಿದು ಸಾಯುತ್ತಾನೆ. ಕಡಿದವನನ್ನು ಅಲ್ಲೇ ಜಜ್ಜುತ್ತಾರೆ, ಉಳಿದರೆ ಸರಕಾರ ಗಲ್ಲಿಗೆ ಹಾಕುತ್ತದೆ. ತಮ್ಮ ಬದುಕಿದರೆ ಗಂಡ ಇಲ್ಲ, ಗಂಡ ಬದುಕಿದರೆ ತಮ್ಮ ಇಲ್ಲ, ಎರಡೂ ಕಡೆ ಅಳಬೇಕಾದವಳು ತಾನು. ಅವಳಿಗೆ ಇಬ್ಬರೂ ಬೇಕಿತ್ತು. ಇದಕ್ಕಿಂತ ದೊಡ್ಡ ಆಸೆ ಅವಳಿಗೆ ಬೇರೇನೂ ಇರಲಿಲ್ಲ.

“ನೀ ದೇವರಿಗೆ ಹೇಳಿದ್ದು ಕಾಲು ಮುರಿತೇನಿ ಅಂತ. ಕಡೀತೇನಿ ಅಂದಿಲ್ಲ,” ಎಂದಳು.

“ಕೊಡಲಿಲೆ ಮುರಿಯೂದಂದ್ರ ಕಡಿಯೂದಽ ಅಲ್ಲೇನಕ್ಕ?”

“ನೀನಽ ಮುರಿಬೇಕು ಅಂತೇನರೆ ಐತೇನು?”

“ಮತ್ಯಾರು? ಭಂಡಾರ ಹಚ್ಚಿಕೊಂಡಾವ್ರು ನಮ್ಮ ಮನಿಯವ್ರು. ಅಪ್ಪಗ ವಯಸ್ಸಾತು.”

ಹಣೆಗೆ ಭಂಡಾರ ಹಚ್ಚಿಸಿಕೊಂಡ ಇನ್ನೊಬ್ಬಳು ಎದುರಿಗೇ ನಿಂತಿದ್ದಾಳೆಂಬುದು ಆ ಹುಂಬನಿಗೆ ಹೊಳೆಯಲಿಲ್ಲ. ಗಂಡಸರಿಗೆ ಹೊಳೆಯುವುದೂ ಇಲ್ಲ ಬಿಡಿ. ರೇವವ್ವ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಮನೆಗೆ ನಡೆದಳು.

ರವಿವಾರ ಮಧ್ಯಾಹ್ನ ಮಾಳಿಂಗಪ್ಪ ಪ್ರಚಾರ ಮುಗಿಸಿ ಬಂದು, ಉಂಡು, ಒಳಕೋಣೆಯಲ್ಲಿ ಕಾಲು ಚಾಚಿದ. ಅವಳು ಎಂದಿನಂತೆ ಮೊಣಕಾಲಿನ ಕೆಳಗೆ ಮಡಿಚಿದ ಕಂಬಳಿ ಇಟ್ಟಳು, ಹಿಮ್ಮಡಿಯ ಕೆಳಗೆ ಮಣೆ ಇಟ್ಟಳು. ನಡುವಿನ ನಳಿಗಾಲು ನೆಲ ಬಿಟ್ಟು ಮೇಲಿತ್ತು. ಎಣ್ಣೆ ಹಚ್ಚಿ ತಿಕ್ಕಿದಳು. ಹೊರಗಿನ ಪಡಸಾಲೆಯಲ್ಲಿ ಆಳುಗಳು ಎಲೆ ಅಡಿಕೆ ಹಾಕಿಕೊಂಡು ಹರಟುತ್ತಿದ್ದರು. ಅವನ ಕಣ್ಣು ಮುಚ್ಚಿದವು, ಉಸಿರು ಭಾರವಾಯಿತು. ರೇವವ್ವ ಎದ್ದು ಕೋಣೆಯ ಬಾಗಿಲಿಗೆ ಅಗಳಿ ಹಾಕಿದಳು. ಹಿತ್ತಲ ಬಾಗಿಲು ತೆರೆದೇ ಇತ್ತು. ಮೂಲೆಯಲ್ಲಿ ಜೋಳ ಕುಟ್ಟುವ ಒನಕೆ ಇತ್ತು, ಕೆಳತುದಿಗೆ ಕಬ್ಬಿಣದ ಕಟ್ಟು ಹಾಕಿದ್ದು. ಅದನ್ನು ಎರಡೂ ಕೈಯಲ್ಲಿ ಹಿಡಿದು ಗಂಡನ ಕಾಲ ಬಳಿ ನಿಂತಳು. ಮುರಿದ ಎಲುಬು ಕೂಡುತ್ತದೆ ಎಂದು ಅವನೇ ಹೇಳಿದ್ದ. “ನಮ್ಮಪ್ಪಾ ಬೀರಪ್ಪಾ, ಜೀವ ಒಂದ ಉಳಸು,” ಎಂದು ಒನಕೆ ಎತ್ತಿದಳು.

ಮೊದಲ ಪೆಟ್ಟಿಗೇ ಮುರಿಯಿತು. ಅವನು ಕಣ್ಣು ತೆರೆದು, ನಂಬಲಾರದೆ ಅವಳನ್ನು ನೋಡಿದ. ಅರೆಬರೆ ಆಗಬಾರದೆಂದು ಅವಳು ಇನ್ನೊಮ್ಮೆ ಹಾಕಿದಳು. ಎಲುಬು ಚರ್ಮ ಹರಿದು ಬೆಳ್ಳಗೆ ಹೊರಬಂತು. ಆಮೇಲೆ ಅವನು ಕೂಗಿದ ಕೂಗಿಗೆ ಓಣಿಯ ನಾಯಿಗಳೆಲ್ಲ ಬೊಗಳಿದವು. ರೇವವ್ವನ ಕೈಯಿಂದ ಒನಕೆ ಜಾರಿ ಉರುಳಿತು. ಅವಳು ಅಲ್ಲೇ ಕುಸಿದು ಕುಳಿತು ಸೆರಗಿನಿಂದ ಅವನ ಕಾಲು ಬಿಗಿದಳು. ಬಾಯಲ್ಲಿ ಒಂದೇ ಮಾತು: “ಮುಗೀತ್ರಿ. ಇನ್ನ ಯಾರೂ ಸಾಯೂದಿಲ್ಲ. ಮುಗೀತ್ರಿ.”

ಆಳುಗಳು ಬಾಗಿಲು ಮುರಿದು ನುಗ್ಗಿದರು. “ಯಾರು ಸಾಹೇಬ್ರ? ಯಾರು?”

ಮಾಳಿಂಗಪ್ಪನ ಮುಖ ಬಿಳಿಚಿಕೊಂಡಿತ್ತು. ಅವನು ಹೆಂಡತಿಯನ್ನು ನೋಡಿದ, ತೆರೆದ ಹಿತ್ತಲ ಬಾಗಿಲನ್ನು ನೋಡಿದ. ಹಲ್ಲು ಕಚ್ಚಿ ಹೇಳಿದ: “ಪರಪ್ಪನ ಮಂದಿ. ಹಿತ್ತಲದಿಂದ ಬಂದ್ರು. ಮಡಿವಾಳಪ್ಪ ಇದ್ದ, ನಾ ಕಣ್ಣಾರೆ ನೋಡೇನಿ.”

ರೇವವ್ವನಿಗೆ ಅಳು ಒತ್ತರಿಸಿ ಬಂತು. ಇಷ್ಟು ನೋವಿನಲ್ಲೂ ಅವನು ತನ್ನನ್ನು ಕಾಪಾಡಿದ! ಇಂಥ ಗಂಡನ ಮೇಲೆ ಕೈ ಎತ್ತಿದೆನಲ್ಲ ಎಂದು ಅವನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಅಷ್ಟರಲ್ಲಿ ಹೊರಗೆ ಜೀಪು ಶುರುವಾಯಿತು, ಸಲಾಕೆಗಳು ಒಂದಕ್ಕೊಂದು ಬಡಿದು ಸದ್ದಾದವು.

“ಅವರ್ನ ತಡೀರಿ! ಮಡಿವಾಳಪ್ಪನ ಹೆಸರ ಯಾಕ ಹೇಳಿದ್ರಿ?”

“ಹೆಂಡ್ತಿ ಕೈಲೆ ಕಾಲ ಮುರಿಸ್ಕೊಂಡ ಅಂದ್ರ ನನಗ ಒಂದ ಓಟು ಬೀಳೂದಿಲ್ಲ,” ಎಂದ ಅವನು, ನರಳುತ್ತ. “ಪರಪ್ಪನ ಆಳು ಮುರದ ಅಂದ್ರ ಒಂದ ಓಟು ತಪ್ಪೂದಿಲ್ಲ.”

ಅವಳು ಅವನ ತಲೆಯನ್ನು ನೆಲಕ್ಕೆ ಇಳಿಸಿದ ರೀತಿಯಲ್ಲಿ ಮೆದುತನ ಇರಲಿಲ್ಲ. ಎದ್ದು ಬೀದಿಗೆ ಓಡಿದಳು. ಸುದ್ದಿ ಅವಳಿಗಿಂತ ಮುಂಚೆ ಓಡಿತ್ತು. ಕುರುಬರ ಓಣಿಯೇ ಕಟ್ಟಿಗೆ, ಕಲ್ಲು ಹಿಡಿದು ಹೊರಬಿದ್ದಿತ್ತು. “ನಾ ಮುರದೀನಿ! ಈ ಕೈಲೆ ಮುರದೀನಿ! ಯಾರೂ ಬಂದಿಲ್ಲ!” ಎಂದು ರೇವವ್ವ ಎದೆ ಬಡಿದುಕೊಂಡು ಕೂಗಿದಳು. ಯಾರು ನಂಬುತ್ತಾರೆ? ಗೋದಾಮಿನ ಬಾಗಿಲು ಕೆಡವಿದ ಕಾಲು ಒಬ್ಬ ಹೆಂಗಸಿಗೆ ಮುರಿಯುತ್ತದೆಯೇ! “ಅಯ್ಯ ಪಾಪ, ಅಕ್ಕಾರಿಗೆ ಸಂಕಟಕ್ಕ ತಲಿ ಕೆಟ್ಟೈತಿ,” ಎಂದು ಹೆಂಗಸರು ಅವಳನ್ನು ಬಿಗಿಯಾಗಿ ಹಿಡಿದು ಮುಖಕ್ಕೆ ನೀರು ಎರಚಿದರು. ಕೊಸರಿಕೊಂಡು ಹೋಗುವಷ್ಟರಲ್ಲಿ ಹೊತ್ತು ಮೀರಿತ್ತು.

ಮಡಿವಾಳಪ್ಪ ಪರಪ್ಪನ ಕಣದಲ್ಲಿ ಬಣವೆ ಒಟ್ಟುತ್ತಿದ್ದ. ಕಾಲು ಹಿಡಿದು ಎಳೆದು ಕೆಡವಿದರು. “ಮುಂಜಾನಿಂದ ಇಲ್ಲೇ ಅದೀನ್ರೋ ಯಪ್ಪಾ! ಬೇಕಾದವ್ರನ್ನ ಕೇಳ್ರಿ!” ಎಂದು ಅವನು ಕಂಡಕಂಡವರ ಕಾಲು ಹಿಡಿದ. ಮೊದಲು ಸಲಾಕೆಯಿಂದ ಅವನ ಎರಡೂ ಕಾಲು ಮುರಿದರು. ಸಾಹೇಬರ ಕಾಲಿಗೆ ಕಾಲು ಎಂದರು. ಅದು ಸಾಕಾಗಲಿಲ್ಲ, ಕೈ ಮುರಿದರು. ಆಮೇಲೆ ಯಾರೋ ಜೀಪಿಗೆ ಹಗ್ಗ ಕಟ್ಟಿದರು. ಕಣದಿಂದ ಊರ ಬಾಗಿಲ ಅಗಸಿಯವರೆಗೆ ಎಳೆದರು. ರೇವವ್ವ ಅಗಸಿಗೆ ಬಂದಾಗ ಹಗ್ಗದ ತುದಿಯಲ್ಲಿದ್ದದ್ದಕ್ಕೆ ಮುಖವೇ ಇರಲಿಲ್ಲ. ಪಕ್ಕದಲ್ಲಿ ಅವನ ಹೆಂಡತಿ ಹುಚ್ಚವ್ವ ಕುಳಿತು, ಹರಿದ ಅಂಗಿಯನ್ನು ಗಂಡನ ಎದೆಯ ಮೇಲೆ ಸರಿಪಡಿಸುತ್ತಿದ್ದಳು. ಪರಪ್ಪ ತನ್ನ ವಾಡೆಯ ಬಾಗಿಲು ಹಾಕಿಕೊಂಡಿದ್ದ.

ರೇವವ್ವ ತವರಿಗೆ ಹೋದಳು. ಚಂದಪ್ಪ ಬಾಗಿಲಲ್ಲಿ ಕುಳಿತು ಹೊಸ ರುಮಾಲು ಸುತ್ತಿಕೊಳ್ಳುತ್ತಿದ್ದ. ಬೀರಣ್ಣನಿಗೆ ನಿಜ ಹೊಳೆದಿತ್ತು. “ನಮ್ಮ ಮಾನ ಉಳಿಸಿದಿ ಅಕ್ಕ,” ಎಂದು ಪಿಸುಗುಟ್ಟಿದ. “ಆದ್ರ ಬಾಯಿ ಬಿಡಬ್ಯಾಡ. ಮಾವನಽ ಹೇಳ್ಯಾನಂದ ಮ್ಯಾಲ ನಿಂದೇನು?”

“ಸತ್ತಾವ ಏನ್ ಮಾಡಿದ್ನೋ?”

“ಅವ ನಮ್ಮ ಕುರಿ ಕೊಂದಿಲ್ಲೇನು?” ಎಂದ ತಮ್ಮ.

ಅವಳು ಆ ಮನೆಯ ನೀರು ಕುಡಿಯಲಿಲ್ಲ. ಠಾಣೆಗೆ ಹೋದಳು. ಫೌಜದಾರ ಕುರ್ಚಿ ಹಾಕಿಸಿ, ಚಹಾ ತರಿಸಿ, ಪೂರ್ತಿ ಕೇಳಿಸಿಕೊಂಡ. “ಸಾಹೇಬ್ರು ದವಾಖಾನ್ಯಾಗ ಹೇಳಿಕಿ ಕೊಟ್ಟಾರ್ರಿ ಬಾಯಾರ. ನೀವು ಮನಿಗೆ ಹೋಗಿ ವಿಶ್ರಾಂತಿ ತಗೋರಿ,” ಎಂದ. ಒಂದಕ್ಷರ ಬರೆದುಕೊಳ್ಳಲಿಲ್ಲ. ಕೊಲೆಗೆ ಊರಿಗೆ ಊರೇ ಆರೋಪಿ ಎಂದ ಮೇಲೆ ಯಾರನ್ನು ಹಿಡಿಯಲಿ ಎಂದು ಆಮೇಲೆ ನಕ್ಕನಂತೆ.

ಮಾಳಿಂಗಪ್ಪ ಈ ಸಲ ಹಿಂದೆಂದೂ ಇಲ್ಲದ ಅಂತರದಲ್ಲಿ ಗೆದ್ದ. ಬಸಂತರಾಯನಿಗೆ ಠೇವಣಿಯೂ ಉಳಿಯಲಿಲ್ಲ. ಗೆದ್ದ ದಿನ ಅವನನ್ನು ನುಲಿ ಮಂಚದ ಮೇಲೆ ಮಲಗಿಸಿ, ಹೊತ್ತು ಮೆರವಣಿಗೆ ತೆಗೆದರು. ಪ್ಲಾಸ್ಟರ್ ಹಾಕಿದ ಕಾಲಿಗೆ ಹೂಮಾಲೆ ಹಾಕಿದ್ದರು. ಹೆಂಗಸರು ಮುಂದೆ ಬಂದು ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಮೆರವಣಿಗೆಯ ಹಲಗೆ ಬಾರಿಸುವ ಸದ್ದು ಹತ್ತಿರವಾಗುತ್ತಿದ್ದಾಗ ರೇವವ್ವ ಹುಚ್ಚವ್ವನ ಗುಡಿಸಲಿನಲ್ಲಿ ಕುಳಿತಿದ್ದಳು. ಎಷ್ಟೋ ದಿನ ಬಾಗಿಲವರೆಗೆ ಬಂದು ತಿರುಗಿ ಹೋಗಿದ್ದಳು. ಇವತ್ತು ಒಳಗೆ ಬಂದು, ಎಲ್ಲವನ್ನೂ, ಒನಕೆ ಎತ್ತಿದ್ದನ್ನೂ, ಯಾಕೆ ಎತ್ತಿದೆ ಎಂಬುದನ್ನೂ ಹೇಳಿದಳು. ಹುಚ್ಚವ್ವ ಅಳಲಿಲ್ಲ, ಬೈಯಲಿಲ್ಲ.

“ಅವತ್ತ ಕೊಂಡವಾಡದ ಮುಂದ ನಿಮ್ಮಪ್ಪ ಕಡದಿದ್ರ ಇವ ಅವತ್ತ ಸಾಯ್ತಿದ್ದ,” ಎಂದಳು. “ಆದ್ರ ಕೊಂದಾವ್ರು ಯಾರಂತ ಊರಿಗೆ ಗೊತ್ತಿರ್ತಿತ್ತು. ಒಬ್ಬನರೆ ಜೇಲಿಗೆ ಹೋಗ್ತಿದ್ದ. ಈಗ ನಾ ಯಾರನ್ನ ಕೇಳಲವ್ವಾ?”

“ನನ್ನ ಕೇಳು,” ಎಂದಳು ರೇವವ್ವ.

“ನಿನ್ನ ಮಾತ ಯಾರು ನಂಬ್ತಾರ?”

ಮೆರವಣಿಗೆ ಬೇಕೆಂದೇ ಆ ಗುಡಿಸಲಿನ ಮುಂದೆ ನಿಂತಿತು. ಪಟಾಕಿ ಸಿಡಿದವು, ಯಾರೋ ಮಾಳಿಂಗಪ್ಪನ ಹೆಸರು ಹಿಡಿದು ಜೈಕಾರ ಹಾಕಿದರು. ಹುಚ್ಚವ್ವ ಎದ್ದು ತಟ್ಟಿಯ ಬಾಗಿಲನ್ನು ಎಳೆದು ಕಟ್ಟಿದಳು. ರೇವವ್ವನಿಗೆ ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ.